ಓವನ್ನಿನ ಬೀಗ

ಮೂರು ಸಲ ಎಳೆದ. ಓವನ್ನಿನ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಬೀಗದ ಕೆಂಪು ಗುರುತು ಮಿಣುಕುತ್ತಲೇ ಇತ್ತು. ಕಪ್ಪು ಗಾಜಿನಾಚೆ ಏನೂ ಕಾಣದು. ಅಡುಗೆಮನೆ ತುಂಬ ಕೂದಲು ಸುಟ್ಟ ವಾಸನೆ.

"ಒಳಗೇನಿದೆ ಮೇಡಂ?" ರಿಪೇರಿಯವನು ಕೇಳಿದ.

"ಏನಿಲ್ಲ. ತಾನೇ ಕ್ಲೀನ್ ಆಗೋ ಬಟನ್ ಒತ್ತಿದ್ದೆ. ನಿನ್ನೆಯಿಂದ ಬಾಗಿಲು ಬಿಡ್ತಾನೇ ಇಲ್ಲ," ಎಂದಳು ಮನೆಯಾಕೆ.

ಆ ಬಟನ್ನಿನ ಕಥೆ ಅವನಿಗೆ ಗೊತ್ತು. ಒತ್ತಿದರೆ ಬಾಗಿಲಿಗೆ ಬೀಗ ಬೀಳುತ್ತದೆ. ಒಳಗೆ ಐನೂರು ಡಿಗ್ರಿ ಕಾವು. ಜಿಡ್ಡಾಗಲಿ, ಎಲುಬಾಗಲಿ, ಉಳಿಯುವುದು ಒಂದು ಹಿಡಿ ಬೂದಿ. ತಣ್ಣಗಾದ ಮೇಲೆ ಬೀಗ ತಾನೇ ಬಿಡಬೇಕು.

ಈ ಮನೆಯೂ ಅವನಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಬಟ್ಟೆ ಒಗೆಯುವ ಯಂತ್ರಕ್ಕೆಂದು ಬಂದಿದ್ದ. ಅವತ್ತು ಕರೆಂಟಿನ ಮೇನ್ ತೆಗೆದು ಪೆಟ್ಟಿಗೆಗೆ ತನ್ನ ಬೀಗ ಹಾಕಿದ್ದಕ್ಕೆ, ಟೀವಿ ನಿಂತುಹೋಯಿತೆಂದು ಈಕೆಯ ಗಂಡ ಕೂಗಾಡಿ ಮನೆ ತಲೆಮೇಲೆ ಹೊತ್ತುಕೊಂಡಿದ್ದ. ಏನು ಬಾಯಿ ಅಂತೀರಿ! ಈಕೆ ಮಾತ್ರ ತುಟಿಪಿಟಕ್ ಎನ್ನದೆ ಮೂಲೆಯಲ್ಲಿ ನಿಂತಿದ್ದಳು, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು. ಆ ಪಟ್ಟಿ ಅವನ ಕಣ್ಣಿಗೆ ಬಿದ್ದಿತ್ತು. ಬಿದ್ದೂ ಸುಮ್ಮನೆ ಹೋಗಿದ್ದ. ಆ ನಾಚಿಕೆ ಇನ್ನೂ ಆರಿರಲಿಲ್ಲ.

ಇವತ್ತು ಮನೆ ಮೌನವಾಗಿತ್ತು. ಎಲ್ಲೋ ಒಂದು ಗುಂಯ್ ಎನ್ನುವ ಸದ್ದು, ಫ್ರಿಜ್ಜಿನದಿರಬೇಕು. ಬಾಗಿಲ ಬಳಿ ಗಂಡಸಿನ ಬೂಟು ಇತ್ತು. ಮೇಲೆ ಬೆರಳಿಂದ ಬರೆಯಬಹುದಾದಷ್ಟು ಧೂಳು.

"ಯಜಮಾನ್ರು ಎಲ್ಲಿ?"

"ಇದ್ದಾರೆ," ಎಂದಳು, ಓವನ್ನನ್ನೇ ನೋಡುತ್ತ. "ಈಗ ಯಾರಿಗೂ ಬೈಯೋದಿಲ್ಲ ಬಿಡಿ."

ಅವನೂ ಓವನ್ನಿನತ್ತ ತಿರುಗಿದ. ಛೆ, ಓವನ್ನಿನಲ್ಲಿ ಆಳು ಹಿಡಿಯುತ್ತಾನೆಯೇ ಎಂದು ತನಗೆ ತಾನೇ ಗದರಿಕೊಂಡ. ಇಡೀ ಆಳೇ ಯಾಕೆ ಬೇಕು ಎಂದಿತು ಒಳಗಿನದೊಂದು ದನಿ. ಒಳಗೆ ಇರಬಾರದ್ದೇನಾದರೂ ಇದ್ದರೆ ಪೊಲೀಸರಿಗೆ ಫೋನ್ ಮಾಡಬೇಕಾದವನು ತಾನು. ಆ ಪಟ್ಟಿ ಕಟ್ಟಿದ ಕೈಗೆ ಕೋಳ ಹಾಕಿಸಬೇಕಾದವನೂ ತಾನೇ.

ಟಾರ್ಚ್ ಬಿಟ್ಟ. ಬೀಗದ ಮುಚ್ಚಳದ ಸ್ಕ್ರೂ ಮೇಲೆ ಹೊಸ ಗೀರು.

"ಯಾರೋ ಕೈ ಹಾಕಿದ್ದಾರೆ."

"ನಾನೇ. ತೆಗೆಯೋಕೆ ನೋಡಿದೆ," ಎಂದಳು. "ಆಗಲಿಲ್ಲ. ಅದಕ್ಕೇ ಕಂಪನಿಗೆ ಫೋನ್ ಮಾಡಿ ನಿಮ್ಮನ್ನೇ ಕಳಿಸಿ ಅಂದೆ. ನಿಮ್ಮ ಕೆಲಸ ಅಚ್ಚುಕಟ್ಟು."

ಅಚ್ಚುಕಟ್ಟು ಅವನಿಗೆ ಎರಡು ಬೆರಳು ಕಳೆದುಕೊಂಡ ಮೇಲೆ ಬಂದದ್ದು. ಹಿಂದೊಮ್ಮೆ ಯಾರೋ ತಿಳಿಯದೆ ಸ್ವಿಚ್ ಹಾಕಿದ್ದರು. ಅಂದಿನಿಂದ ಇಡೀ ಮನೆಯ ಮೇನ್ ತೆಗೆಯುತ್ತಾನೆ, ಪೆಟ್ಟಿಗೆಗೆ ತನ್ನದೇ ಬೀಗ, ಕೀಲಿ ತನ್ನ ಜೇಬಿಗೆ. ಕೆಲಸ ಮುಗಿಯುವ ತನಕ ಯಾರು ಬಂದರೂ ಕೊಡುವುದಿಲ್ಲ. ಮೇನ್ ತೆಗೆಯುವ ಮೊದಲು ಕಂಪನಿಯ ಚೀಟಿಯಲ್ಲಿರುವ ನಾಲ್ಕು ಪ್ರಶ್ನೆಗಳನ್ನು ಗಿಳಿಪಾಠ ಒಪ್ಪಿಸುತ್ತಾನೆ. ಇವತ್ತು ಅವನ ತಲೆಯೆಲ್ಲ ಓವನ್ನಿನೊಳಗಿತ್ತು. ಸೀದಾ ಹೋಗಿ ಮೇನ್ ತೆಗೆದು ಬೀಗ ಹಾಕಿಬಿಟ್ಟ.

ಗುಂಯ್ ಸದ್ದು ನಿಂತಿತು. ಎಲ್ಲೋ ಕೀಂ ಕೀಂ ಎಂದಿತು.

"ಅಲಾರಂ ಇರ್ಬೇಕು," ಎಂದು ಆಕೆ ಒಳಗೆ ಹೋದಳು. ಸದ್ದಡಗಿತು. ಬಂದು ಕುರ್ಚಿಯಲ್ಲಿ ಕೂತಳು. "ಎಷ್ಟೊತ್ತಾಗುತ್ತೆ?"

"ಬೀಗದ ಬೋರ್ಡಿನಲ್ಲಿ ಉಳಿದಿರೋ ಕರೆಂಟು ಪೂರ್ತಿ ಇಳೀಬೇಕು. ಅರ್ಧ ಗಂಟೆ ಕಾಯ್ಬೇಕು."

"ನಿಧಾನಕ್ಕೆ ಮಾಡಿ. ನನಗೇನೂ ಅವಸರ ಇಲ್ಲ."

ಇಬ್ಬರೂ ಕಾದರು. ಆಕೆ ಗೋಡೆಯ ಗಡಿಯಾರ ನೋಡುತ್ತಿದ್ದಳು, ಅವನು ಓವನ್ ನೋಡುತ್ತಿದ್ದ. ಅರ್ಧ ಗಂಟೆಯಾದ ಮೇಲೆ ಮುಚ್ಚಳ ಬಿಚ್ಚಿದ. ಬೀಗದ ತಂತಿ ಕಳಚಿ ಬಿದ್ದಿತ್ತು. ತಾನಾಗಿ ಕಳಚುವ ತಂತಿಯಲ್ಲ ಅದು. ಈಕೆ ಕೆದಕುವಾಗ ಕಿತ್ತಿರಬೇಕು ಅಂದುಕೊಂಡ. ಕೊಕ್ಕೆಯನ್ನು ಕೈಯಿಂದ ಹಿಂದಕ್ಕೆ ಸರಿಸಿದ. ಬಾಗಿಲೆಳೆದ.

ಒಂದು ಹಿಡಿ ಬೂದಿ. ಅದರ ನಡುವೆ ಗೋಡೆಗೆ ನೇತುಹಾಕುವ ಕಬ್ಬಿಣದ ಉಂಗುರ.

"ಅಯ್ಯೋ, ನನ್ನ ಉಣ್ಣೆಯ ಕೈಗವಸು!" ಎಂದಳಾಕೆ. "ಒಳಗೇ ಮರೆತುಬಿಟ್ಟಿದ್ದೆ ನೋಡಿ."

ಅವನಿಗೆ ಹೋದ ಜೀವ ಬಂದ ಹಾಗಾಯಿತು. ನಗು ತಡೆಯಲಾಗಲಿಲ್ಲ. "ನಾನು ಏನೇನೋ ಅಂದ್ಕೊಂಡಿದ್ದೆ ಮೇಡಂ, ಕ್ಷಮಿಸಿ."

"ಇರ್ಲಿ ಬಿಡಿ. ಚೀಟಿ ಬರೆದು ಕೊಡಿ. ಮೇನ್ ತೆಗೆದ ಹೊತ್ತೂ ಬರೀರಿ."

ಬರೆದ. ಕೇಳದೆ ಬಿಟ್ಟ ನಾಲ್ಕೂ ಪ್ರಶ್ನೆಗಳ ಮುಂದೆ ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದು ಸರಸರನೆ ಗೀಚಿ ಸಹಿ ಹಾಕಿದ. ಆಕೆ ತನ್ನ ಪ್ರತಿ ಹರಿದುಕೊಂಡಳು. ಅವನು ತಂತಿ ಸಿಕ್ಕಿಸಿ, ಬೀಗ ತೆಗೆದು ಮೇನ್ ಹಾಕಿದ.

ಅಡುಗೆಮನೆಯಲ್ಲಿ ಫ್ರಿಜ್ಜು ಗಡಗಡಿಸಿತು. ಗುಂಯ್ ಸದ್ದು ಕೂಡ ಶುರುವಾಯಿತು, ಆದರೆ ಅದು ಬಂದದ್ದು ಮಹಡಿಯಿಂದ. ಅವನು ತಲೆಯೆತ್ತಿದ.

"ಮೇಲೇನದು ಮೇಡಂ?"

ಆಕೆ ಚೀಟಿಯನ್ನು ಜೋಪಾನವಾಗಿ ಮಡಿಸಿದಳು.

"ಅವರಿಗೆ ಉಸಿರು ಕೊಡೋ ಮೆಷಿನ್ನು. ಅದಿಲ್ದೆ ಹತ್ತು ನಿಮಿಷ ಇರಲ್ಲ ಅಂದಿದ್ರು ಡಾಕ್ಟ್ರು. ಮನೇಲಿ ಅಂಥ ರೋಗಿ ಇದ್ದಾರಾ ಅಂತ ಹೋದ ಸಲ ಕೇಳಿದ್ರಿ, ನೆನಪಿದೆಯಾ? ಈ ಸಲ ನೀವು ಕೇಳಲೇ ಇಲ್ಲ."