ಬಣ್ಣದ ಕೊಟ್ಟಿಗೆಯ ಉಪ್ಪು

ಅತ್ತಿಗೆ ಕುಬ್ರಾ ಬೀ ಇವತ್ತೂ ಅದೇ ಡಬ್ಬಕ್ಕೆ ಕೈ ಹಾಕಿದಳು. ಬಾಗಿಲ ಸಂದಿಯಿಂದ ಮೈದುನ ಅಬ್ದುಲ್ ರಹೀಂ ನೋಡುತ್ತಿದ್ದ. ಪಕ್ಕದಲ್ಲಿ, ಅವನೇ ಕರೆತಂದ ನೆರೆಮನೆಯ ಯಲ್ಲಪ್ಪ. ಕುಬ್ರಾ ಬೀ ಎರಡು ಚಮಚ ಬಿಳಿ ಪುಡಿಯನ್ನು ನೀರಿಗೆ ಹಾಕಿ ಕದಡಿ, ಲೋಟಕ್ಕೆ ಸೆರಗು ಮುಚ್ಚಿ ಗಂಡನ ಕೋಣೆಗೆ ನಡೆದಳು.

ಶಿಕಾರಿಪುರದಲ್ಲಿ ನೂಲಿಗೆ ಬಣ್ಣ ಹಾಕುವ ಮನೆ ಅದು. ಬಣ್ಣದ ಕೊಟ್ಟಿಗೆಯ ಯಾವ ವಸ್ತುವೂ ಬಾಯಿಗೆ ಹೋಗಕೂಡದೆಂದು ಅಲ್ಲಿ ಕಟ್ಟಪ್ಪಣೆ. ಆ ಪುಡಿ, ನೂಲಿಗೆ ಬಣ್ಣ ಹಿಡಿಯಲೆಂದು ಹಂಡೆಗೆ ಸುರಿಯುವ ಉಪ್ಪು. ತಂದಾಗ ಗಾಜಿನಂಥ ಹರಳು. ಎಪ್ಪತ್ತನಾಲ್ಕರ ಬೇಸಿಗೆಯ ಗಾಳಿಗೆ ನೀರಾರಿ ಹಿಟ್ಟಾಗಿತ್ತು.

ಕೊಟ್ಟಿಗೆಯ ಯಜಮಾನ, ರಹೀಂನ ಅಣ್ಣ ನಜೀರ್ ಸಾಬ್, ಮೂರು ದಿನದಿಂದ ವಾಂತಿ ಮಾಡಿಕೊಳ್ಳುತ್ತಿದ್ದ. ಈಗ ಕಾಲೂ ಎತ್ತಲಾಗುತ್ತಿರಲಿಲ್ಲ. ಹಂಡೆಗೆ ಬೆಂಕಿ ಹಾಕಲು ಮೊದಲು ಏಳುತ್ತಿದ್ದವನು ರಹೀಂ. ಅಣ್ಣನ ಬೆಳಗಿನ ಗಂಜಿಯೂ ಅವನ ಕೈಯದೇ. ಉಳಿದ ಹೊತ್ತೆಲ್ಲ ಅತ್ತಿಗೆಯ ಮೇಲೆ ಕಣ್ಣಿಟ್ಟಿದ್ದ. ಮೊದಲ ದಿನವೇ ಲೋಟ ಕಿತ್ತುಕೊಳ್ಳಬಹುದಿತ್ತು. ಆದರೆ ಸಾಕ್ಷಿಯಿಲ್ಲದ ಮಾತನ್ನು ಯಾರು ನಂಬುತ್ತಾರೆ?

"ನೋಡಿದ್ರಲ್ಲ ಯಲ್ಲಪ್ಪಣ್ಣ? ನಾಳೆ ಯಾರಾದ್ರೂ ಕೇಳಿದ್ರೆ ನೀವೇ ಹೇಳ್ಬೇಕು."

"ನಾಳೆ ಯಾಕ್ರೀ? ಈಗ್ಲೇ ಡಾಕ್ಟ್ರನ್ನ ಕರ್ಕೊಂಡ್ ಬರ್ತೀನಿ," ಎಂದು ಯಲ್ಲಪ್ಪ ಓಡಿಯೇಬಿಟ್ಟ.

ಡಾಕ್ಟರ್ ಸದಾಶಿವಪ್ಪ ರೋಗಿಯ ಕಾಲು ಒತ್ತಿ ನೋಡಿದರು. ಮುಖ ಗಂಭೀರವಾಯಿತು. ರಹೀಂ ಡಬ್ಬವನ್ನು ಮುಂದಿಟ್ಟ. "ಮೂರು ದಿನದಿಂದ ಕದ್ದುಮುಚ್ಚಿ ಇದನ್ನೇ ಕುಡಿಸ್ಯಾಳ್ರೀ."

ಕುಬ್ರಾ ಬೀ ಕೈ ಮುಗಿದಳು. "ಸೊರಬದಾಗ ನಮ್ಮಪ್ಪ ದನದ ಆಸ್ಪತ್ರೇಲಿ ಕಾಂಪೌಂಡರ್ ಇದ್ರು. ಹೊಟ್ಟೆ ತೊಳೀಲಿಕ್ಕೆ ಈ ಉಪ್ಪೇ ಕೊಡ್ತಿದ್ರು. ಕೊಟ್ಟಿಗೇದು ಅಂದ್ರೆ ಇವರು ಬಾಯಿ ಬಿಡ್ತಿರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ."

ಯಲ್ಲಪ್ಪ ಥೂ ಎಂದು ಮುಖ ತಿರುಗಿಸಿದ. ಆ ಹೆಂಗಸಿನ ಸ್ಥಿತಿ ಯಾರಿಗೂ ಬೇಡ.

ಡಾಕ್ಟರು ಚಿಟಿಕೆ ಉಪ್ಪನ್ನು ಗಾಜಿನ ನಳಿಗೆಯ ನೀರಲ್ಲಿ ಕರಗಿಸಿದರು. ಮೂತ್ರ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಸೀಸೆಯಿಂದ ಎರಡು ಹನಿ ಬಿಟ್ಟರು. ತಿಳಿನೀರು ಮಜ್ಜಿಗೆಯಾಯಿತು. ಆಸಿಡ್ ಹಾಕಿದರೂ ಆ ಬಿಳುಪು ಕರಗಲಿಲ್ಲ.

"ವಿಷ ಅಲ್ವೇನ್ರೀ?" ರಹೀಂ ಡಬ್ಬವನ್ನು ಇನ್ನೂ ಹತ್ತಿರಕ್ಕೆ ತಳ್ಳಿದ.

"ವಿಷ ಇರೋದು ನಾನು ಬಿಟ್ಟ ಹನೀಲಿ. ಬೇರಿಯಂ ಅಂತಾರೆ. ಒಂದು ಥರದ ಇಲಿ ಪಾಷಾಣದಲ್ಲೂ ಅದೇ ಇರೋದು. ತಿಂದೋರ ಕಾಲು ಹೀಗೇ ಬೀಳ್ತವೆ. ಈ ನಳಿಗೇಲಿ ಆದ ಹಾಗೇ, ಈ ಉಪ್ಪು ಹೊಟ್ಟೇಲೂ ಅದನ್ನ ಹಿಡ್ಕೊಂಡು, ಕರಗದ ಹಾಗೆ ಮಾಡಿ, ಹೊರಗೆ ಹಾಕ್ತದೆ. ಈ ತಾಯಿ ಕುಡಿಸದಿದ್ರೆ ನಿಮ್ಮಣ್ಣ ಮೊನ್ನೇನೇ ಹೋಗಿರ್ತಿದ್ದ."

ಅತ್ತಿಗೆ ಕುಡಿಸುತ್ತಿರುವುದೂ ವಿಷವೇ ಎಂದು ನಂಬಿ, ಸಾವಿನ ತಪ್ಪೆಲ್ಲ ಅವಳ ತಲೆಗೇ ಬರಲಿ ಎಂದು ಮೂರು ದಿನ ಆ ಲೋಟವನ್ನು ತಡೆಯದೆ ಬಿಟ್ಟ ರಹೀಂ, ಇವತ್ತಿನ ಗಂಜಿಗೂ ಇಲಿ ಪಾಷಾಣ ಬೆರೆಸಿಯೇ ಬಂದಿದ್ದ.