ಆರ್ಲೋ ಕೇಳಿದ ದೊಡ್ಡ ತೋಟಾ

ಇದು ನಡೆದದ್ದು. ಸುಳ್ಳೇನಾದರೂ ಸೇರಿದ್ದರೆ ಅದು ಗಜಗಳ ಲೆಕ್ಕದಲ್ಲಿ ಮಾತ್ರ. ಮೊಂಟಾನಾದ ಬೇಟೆಗಾರ ನೂರು ಗಜ ಹೆಚ್ಚಿಗೆ ಸೇರಿಸದೆ ಬಾಯಿ ತೆರೆಯುವುದಿಲ್ಲ.

ಆರ್ಲೋ ಸ್ಟೆನ್ಸ್‌ರೂಡ್ ತನ್ನ ಹಳೆಯ ರೈಫಲನ್ನು ಜೊಲೀನಳ ಬಂದೂಕಿನಂಗಡಿಯ ಮೇಜಿನ ಮೇಲೆ ಮಲಗಿಸಿದ. "ಈ ಥರ್ಟಿ-ಆಟ್-ಸಿಕ್ಸ್ ತೋಟಾಕ್ಕೆ ದಮ್ಮಿಲ್ಲ ತಾಯಿ. ದೂರಕ್ಕೆ ಹೊಡೆಯೋ ದೊಡ್ಡದೇನಾದ್ರೂ ಕೊಡು" ಎಂದ. ಎಪ್ಪತ್ತೊಂದು ವರ್ಷದ ಅವನು ನಲವತ್ತು ಚಳಿಗಾಲ ಅದೇ ತೋಟಾದಿಂದ ಮನೆಗೆ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸ ತಂದವನು.

"ದಮ್ಮಿಲ್ಲದಿದ್ರೆ ಇಷ್ಟು ವರ್ಷ ಎಲ್ಕ್‌ಗಳೇನು ನಿನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಸತ್ವಾ?" ಎಂದಳು ಜೊಲೀನ್.

ಅವನ ಬೇಟೆಯ ಜೊತೆಗಾರ ವೆಂಡೆಲ್ ಮೂಗು ಹಿಡಿದು, ಬೆದೆಗೆ ಬಂದ ಗಂಡು ಎಲ್ಕಿನ ಹಾಗೆ ಕೀರಲಾಗಿ ಕೂಗಿ, ಅದೇ ದನಿಯಲ್ಲಿ, "ಗುಂಡು ತಾಗ್ಲಿಲ್ಲ ಅಣ್ಣ, ನಿಂಗೆ ಬೇಜಾರಾಗ್ಬಾರ್ದು ಅಂತ ಬಿದ್ಕೊಂಡೆ" ಎಂದ. ಜೊಲೀನ್ ಮೇಜು ಬಡಿದು ನಕ್ಕಳು. ಆರ್ಲೋ ನಗಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಕಣಿವೆಯಾಚೆ, ನಾನೂರು ಗಜ ದೂರದಲ್ಲಿ ನಿಂತಿದ್ದ ದೊಡ್ಡ ಗಂಡು ಎಲ್ಕಿಗೆ ಅವನು ಹೊಡೆದಿದ್ದ. ಗುಂಡು ಎದೆ ಬಿಟ್ಟು ಹಿಂಗಾಲಿಗೆ ಬಿತ್ತು. ಹಿಮದ ಮೇಲಿನ ರಕ್ತದ ಜಾಡು ಹಿಡಿದು ನಾಲ್ಕು ದಿನ ನಡೆದ. ಐದನೆಯ ದಿನ ಕಾಗೆಗಳು ಜಾಗ ತೋರಿಸಿದವು. ಮಾಂಸ ಯಾರೂ ತಿನ್ನುವಂತಿರಲಿಲ್ಲ. ವರ್ಷಕ್ಕೆ ಒಂದೇ ಎಲ್ಕಿಗೆ ಸಿಗುವ ತನ್ನ ಬೇಟೆಚೀಟಿಯನ್ನು ಅದಕ್ಕೇ ಕಟ್ಟಿ, ಕೊಂಬನ್ನೂ ಮುಟ್ಟದೆ ಇಳಿದು ಬಂದ. ಅಂದಿನಿಂದ ಕಂಡಕಂಡವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ: ಅಷ್ಟು ದೂರಕ್ಕೆ ಆ ತೋಟಾ ಸೋತುಹೋಗುತ್ತದೆ, ತಪ್ಪು ಅದರದು.

ಜೊಲೀನ್ ಹೆಚ್ಚು ಮದ್ದಿನ ದೊಡ್ಡ ತೋಟಾ ಹಾರಿಸುವ ಒಂದು ಮ್ಯಾಗ್ನಮ್ ರೈಫಲನ್ನು ಗೋಡೆಯಿಂದ ಕೆಳಗಿಳಿಸಿದಳು. "ನಾನೂರು ಗಜ ಹೋಗೋಷ್ಟರಲ್ಲಿ ನಿನ್ನ ಗುಂಡು ಎರಡಡಿ ಕೆಳಗಿಳಿದ್ರೆ ಇದರದು ಒಂದೂವರೆ ಅಡಿ ಇಳಿಯುತ್ತೆ. ಆ ಅರ್ಧ ಅಡಿಗೆ ನೀನು ಭುಜಾನೇ ಕೊಡ್ಬೇಕಾಗುತ್ತೆ, ಹೇಸರಗತ್ತೆ ಒದ್ದ ಹಾಗಿರುತ್ತೆ. ಹಿತ್ತಲಲ್ಲಿ ಹೊಡೆದು ನೋಡು, ಆಮೇಲೆ ಮಾತು."

ಅಂಗಡಿಯ ಹಿಂದೆ ಗುರಿ ಹೊಡೆಯುವ ಬಯಲಿತ್ತು. ಆರ್ಲೋ ಬೆಂಚಿನಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ತೋಟಾ ತುಂಬುವ ಕೆಲಸವನ್ನು ವೆಂಡೆಲ್ ವಹಿಸಿಕೊಂಡ. ಜೊಲೀನಳಿಗೆ ಕಣ್ಣು ಹೊಡೆದು, ಮದ್ದಿಲ್ಲದ ಪೊಳ್ಳು ತೋಟಾ ಒಂದನ್ನು ಒಳಗೆ ತಳ್ಳಿದ. ಆರ್ಲೋ ಕೆನ್ನೆ ಒತ್ತಿ, ಉಸಿರು ಬಿಗಿಹಿಡಿದು ಬಂದೂಕಿನ ಕುದುರೆ ಎಳೆದ.

ಟಿಕ್.

ಗುಂಡು ಹಾರಲಿಲ್ಲ, ಹಾರಿದ್ದು ಆರ್ಲೋ. ಕಣ್ಣು ಗಟ್ಟಿಯಾಗಿ ಮುಚ್ಚಿತು, ಭುಜ ಮುಂದಕ್ಕೆ ನುಗ್ಗಿತು, ಬಂದೂಕಿನ ಮೂತಿ ಎಡಕ್ಕೆ ಕೆಳಕ್ಕೆ ಕುಕ್ಕಿತು. ವೆಂಡೆಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಸತ್ತ ತೋಟಾಕ್ಕೆ ಇಷ್ಟು ಹೆದ್ರಿದ್ಯಲ್ಲೋ ಮುದುಕ!" ಜೊಲೀನಳಿಗೂ ನಗು ತಡೆಯಲಾಗಲಿಲ್ಲ.

ನಿಜವಾದ ಗುಂಡು ಹಾರುವಾಗ ಬಂದೂಕು ಒದೆಯುವುದರಿಂದ ಹೀಗೆ ಬೆಚ್ಚುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಹೊಡೆಯುವವನಿಗೂ ಗೊತ್ತಾಗುವುದಿಲ್ಲ. ಆರ್ಲೋ ಸ್ವಲ್ಪ ಹೊತ್ತು ಆ ಮೂತಿಯನ್ನೇ ನೋಡಿದ.

"ನನ್ನ ಹಳೇದು ತಗೊಂಡ್ಬಾ" ಎಂದ.

ವೆಂಡೆಲನ ನಗು ಅರ್ಧಕ್ಕೇ ನಿಂತಿತು. "ಬಿಡೋ ಮಾರಾಯ. ಇದು ದೊಡ್ಡ ಗನ್ನು, ಯಾರಾದ್ರೂ ಬೆಚ್ತಾರೆ. ತಾ, ನಾನೇ ತುಂಬಿಕೊಡ್ತೀನಿ."

"ನೀನು ಬೇಡ. ನಿಂಗೀಗ ನನ್ನ ಮೇಲೆ ಕರುಣೆ ಬಂದಿದೆ, ನಿಜವಾದ್ದೇ ತುಂಬ್ತೀಯ. ಜೊಲೀನ್, ನೀನು ತುಂಬು. ಒಳಗೇನಿದೆ ಅಂತ ಹೇಳ್ಬೇಡ."

ಅವಳು ಬೆನ್ನು ತಿರುಗಿಸಿ ತುಂಬಿದಳು. ನಲವತ್ತು ವರ್ಷ ಅವನ ಕೆನ್ನೆಗೆ ಒರಗಿ ನುಣುಪಾದ ಮರ ಮತ್ತೆ ಅಲ್ಲೇ ಹೋಗಿ ಕೂತಿತು. ಅವನು ಈ ಸಲ ಬಹಳ ಹೊತ್ತು ಗುರಿ ಹಿಡಿದ.

ಟಿಕ್.

ಅದೇ ಭುಜ, ಅದೇ ಮುಚ್ಚಿದ ಕಣ್ಣು, ಎಡಕ್ಕೆ ಕೆಳಕ್ಕೆ ಅದೇ ಕುಕ್ಕು. ಯಾರೂ ನಗಲಿಲ್ಲ.

"ಅವತ್ತು ಆ ಎಲ್ಕು ಬಲಕ್ಕೆ ಮುಖ ಮಾಡಿ ನಿಂತಿತ್ತು" ಎಂದ ಆರ್ಲೋ. "ಹಿಂಗಾಲು ಎಡಕ್ಕಿತ್ತು."

"ಆರ್ಲೋ, ನಾನು ಸುಮ್ನೆ ತಮಾಷೆಗೆ ಅಂತ..." ಎಂದ ವೆಂಡೆಲ್.

"ತಮಾಷೇನೇ ಕಣೋ. ಒಂದು ವರ್ಷ, ಪಾಪದ ತೋಟಾನ ಊರೆಲ್ಲಾ ಬೈಕೊಂಡು ತಿರುಗಿದ್ನಲ್ಲೋ ನಾನು" ಎಂದು ಆರ್ಲೋ ನಗಲು ಶುರುಮಾಡಿದ. ಅವರಿಬ್ಬರೂ ಸೇರಿ ನಕ್ಕದ್ದಕ್ಕಿಂತ ಜೋರಾಗಿ, ಬೆಂಚು ಅಲುಗುವಂತೆ ನಕ್ಕ. ಟೋಪಿ ಬಿದ್ದರೂ ನಿಲ್ಲಿಸಲಿಲ್ಲ. ವೆಂಡೆಲ್ ಮತ್ತು ಜೊಲೀನ್, ಅವನು ಯಾವಾಗ ನಿಲ್ಲಿಸುತ್ತಾನೋ ಎಂದು ನೆಲ ನೋಡುತ್ತ ನಿಂತರು.