ಅಂಬವ್ವನ ಕಣ್ಣಿನ ವಿಡಿಯೋ

ಚಹಾ ಆರುವುದರೊಳಗೆ ಓದಿ ಮುಗಿಸಬಹುದು... ಓದಿದ ಮೇಲೆ ಯಾರಿಗೆ ಬೇಕು ಅನಿಸುತ್ತದೋ ಅವರಿಗೆ ಕಳಿಸಿ.

ಬಾಗಲಕೋಟೆಯಲ್ಲಿ ಒಬ್ಬ ಕಣ್ಣಿನ ಡಾಕ್ಟರ್. ಹೆಸರು ಗುರುಪಾದ ಅವಟಿ. ಕೈಗುಣ ಚೆನ್ನಾಗಿದೆ ಎಂದು ಸುತ್ತಲಿನ ಊರುಗಳಲ್ಲಿ ಮಾತು.

ಅವರಿಗೆ ಎಲ್ಲವೂ ಇತ್ತು... ಒಂದನ್ನು ಬಿಟ್ಟು.

ಕಣ್ಣಿನ ಸರ್ಜನ್‌ಗಳ ದೊಡ್ಡ ಸಂಘವೊಂದರ ಫೆಲೋಶಿಪ್. ಅದು ಸಿಕ್ಕರೆ ಹೆಸರಿನ ಮುಂದೆ ಇನ್ನೊಂದಿಷ್ಟು ಅಕ್ಷರ ಸೇರುತ್ತವೆ. ಬೋರ್ಡ್ ಬರೆಯುವವನಿಗೆ ಡಾಕ್ಟರ್ ಆಗಲೇ ಹೇಳಿಯೂ ಇಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ!

ಆ ಸಂಘದ ನಿಯಮ ಸ್ವಲ್ಪ ವಿಚಿತ್ರ. ಚೆನ್ನಾಗಿ ಆದ ಆಪರೇಶನ್‌ಗಳ ಜೊತೆಗೆ, ಕೈತಪ್ಪಿದ ಒಂದು ಆಪರೇಶನ್ನಿನ ವಿಡಿಯೋವನ್ನೂ ತೋರಿಸಬೇಕು. ಎಲ್ಲೂ ಕತ್ತರಿಸುವಂತಿಲ್ಲ. ಪೇಶಂಟ್ ಒಪ್ಪಿಗೆಯೂ ಬೇಕು.

ಡಾಕ್ಟರ್ ಅಂಬವ್ವನ ವಿಡಿಯೋ ಆರಿಸಿದರು.

ಅಂಬವ್ವ ಗುಳೇದಗುಡ್ಡದವಳು. ರವಿಕೆಯ ಖಣ ನೇಯುವ ಮನೆ. ಪೊರೆ ತೆಗೆಯುವಾಗ ಅದರ ಹಿಂದಿನ ತೆಳುವಾದ ಚೀಲ ಡಾಕ್ಟರ ಕೈಯಲ್ಲಿ ಹರಿದಿತ್ತು. ಅವರು ಗಾಬರಿಯಾಗದೆ ನಿಭಾಯಿಸಿದ್ದರು. ಆದರೂ ಆ ಕಣ್ಣಿನ ದೃಷ್ಟಿ ಅರ್ಧಂಬರ್ಧವಾಗಿಯೇ ಉಳಿಯಿತು.

ಡಾಕ್ಟರ ಲೆಕ್ಕಾಚಾರ ಬೇರೆ ಇತ್ತು. ಅಷ್ಟು ಕಷ್ಟದಲ್ಲೂ ಕೈ ಎಷ್ಟು ಸ್ಥಿರವಾಗಿದೆ ನೋಡಿ ಎಂದು ತೋರಿಸಲು ಹೇಳಿ ಮಾಡಿಸಿದಂಥ ವಿಡಿಯೋ ಅದು! ತಪ್ಪನ್ನೂ ಜಂಬಕ್ಕೆ ಬಳಸಿಕೊಳ್ಳುವುದು ಬುದ್ಧಿವಂತರಿಗೆ ಮಾತ್ರ ಬರುತ್ತದೆ.

ಒಪ್ಪಿಗೆಗೆಂದು ಅಂಬವ್ವನನ್ನು ಕರೆಸಿದರು. ಮಗ ಈರಣ್ಣ ಜೊತೆಗೆ ಬಂದ.

ಅಂಬವ್ವ ಒಳಗೆ ಬಂದವಳೇ ಕೈ ಮುಗಿದಳು.

"ಸಿಟ್ಟಾಗಬ್ಯಾಡ್ರೀ ಸಾಹೇಬ್ರ... ನೀವು ಛಲೋನ ಮಾಡಿದ್ರಿ. ನಾನ ಕೆಡಿಸ್ಕೊಂಡೆ."

"ಏನ ಕೆಡಿಸ್ಕೊಂಡಿ ಅವ್ವಾ?"

"ಬಗ್ಗಬ್ಯಾಡ ಅಂದಿದ್ರಿ. ಮನಸ್ಸು ತಡೀಲಿಲ್ಲ. ಪಟ್ಟಿ ಬಿಚ್ಚಿದ ವಾರಕ್ಕ ಮಗ್ಗದ ಕುಣಿಗೆ ಇಳಿದು ಬಗ್ಗಿ ಎಳಿ ಕಟ್ಟಿದೆ... ಅದಕ್ಕ ಕಣ್ಣು ಹಿಂಗಾತು."

ಈರಣ್ಣ ಮಧ್ಯೆ ಬಾಯಿ ಹಾಕಿದ. "ಎಷ್ಟ ಹೇಳಿದ್ರೂ ಕೇಳೂದಿಲ್ರೀ ಮುದುಕಿ. ಇನ್ನೊಂದ ಕಣ್ಣಿಗೂ ಪೊರಿ ಬಂದೈತಿ. ಮಾಡಿಸೂದ ಬ್ಯಾಡ ಅಂತ ಬಿಟ್ಟೀವಿ. ಅದನ್ನೂ ಕೆಡಿಸ್ಕೋತಾಳ."

ಅಂಬವ್ವ ಹೌದೆಂದು ತಲೆಯಾಡಿಸಿದಳು. ಆ ಮಾತು ಅವಳಿಗೆ ಹೊಸದಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಆಪರೇಶನ್ ಆದಾಗ ಡಾಕ್ಟರ್ ಅವರಿಗೆ ಹೇಳಿದ್ದು ಇಷ್ಟೇ... "ವಯಸ್ಸಾಗೇತಿ, ಇನ್ನ ಇಷ್ಟ ಕಾಣೂದು." ಉಳಿದ ಕಾರಣವನ್ನು ಮನೆಯವರು ತಾವೇ ಹುಡುಕಿಕೊಂಡಿದ್ದರು.

ಈಗಲೂ "ಇಲ್ಲೊಂದು ಹೆಬ್ಬೆಟ್ಟು ಒತ್ತವ್ವ" ಅಂದಿದ್ದರೆ ಕೆಲಸ ಮುಗಿಯುತ್ತಿತ್ತು. ಡಾಕ್ಟರಿಗೆ ಬಾಯಿ ಬರಲಿಲ್ಲ.

ಕಂಪ್ಯೂಟರನ್ನು ಅವರತ್ತ ತಿರುಗಿಸಿದರು. ವಿಡಿಯೋ ಹಾಕಿದರು. ಒಂದು ಕಡೆ ನಿಲ್ಲಿಸಿ ಬೆರಳಿಟ್ಟು ತೋರಿಸಿದರು.

"ಇದು ನನ್ನ ಕೈ. ಇಲ್ಲಿ ನೋಡ್ರಿ... ನನ್ನ ಕೈ ತಪ್ಪಿ ಚೀಲ ಹರೀತು. ನೀವಿನ್ನೂ ಟೇಬಲ್ ಮ್ಯಾಲ ಇದ್ರಿ ಅವ್ವಾ. ಮಗ್ಗಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅಂಬವ್ವ ಪರದೆಯ ಹತ್ತಿರ ಮುಖ ತಂದು ನೋಡಿದಳು.

"ಹಂಗಾರ... ನಂದಲ್ಲೇನ್ರೀ ತಪ್ಪು?"

"ಅಲ್ಲವ್ವ. ನಂದು."

ಅಂಬವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಕಣ್ಣು ಕೆಟ್ಟದ್ದಕ್ಕೆ ಅತ್ತದ್ದಲ್ಲ ಅದು... ಕಳಂಕ ಹೋದದ್ದಕ್ಕೆ.

ಈರಣ್ಣ ಕೆಂಪಾದ. "ಇದನ್ನ ಅವತ್ತ ಹೇಳಾಕ ಏನಾಗಿತ್ರೀ ನಿಮಗ? ಮನ್ಯಾಗ ನಾವು ಆಕಿಗೆ ಏನೇನ ಅಂದೀವಿ ಗೊತ್ತೇನ್ರೀ?"

ಡಾಕ್ಟರ್ ಒಪ್ಪಿಗೆಯ ಕಾಗದವನ್ನು ಪಕ್ಕಕ್ಕೆ ಸರಿಸಿದರು.

ಕಣ್ಣೊರೆಸಿಕೊಂಡು ಅಂಬವ್ವನೇ ಹೆಬ್ಬೆಟ್ಟು ಒತ್ತಿದಳು. "ತೋರಿಸ್ರಿ, ಎಲ್ಲಾರಿಗೂ ತೋರಿಸ್ರಿ. ಮೊದಲ ನಮ್ಮ ಓಣಿಯವರಿಗೆ ತೋರಿಸ್ರಿ!"

ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಸಂದರ್ಶನ. ಹಿರಿಯ ಸರ್ಜನ್‌ಗಳು ವಿಡಿಯೋ ನೋಡಿ ತಲೆದೂಗಿದರು.

ಅಧ್ಯಕ್ಷೆ ಡಾ. ಮಾಲಿನಿ ಕೊಪ್ಪೀಕರ್ ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಚೀಲ ಹರಿದದ್ದನ್ನು ಪೇಶಂಟ್‌ಗೆ ಯಾವಾಗ ಹೇಳಿದಿರಿ?"

"ಅವತ್ತೇ" ಅಂದಿದ್ದರೆ ಫೆಲೋಶಿಪ್ ಕೈಯಲ್ಲಿತ್ತು. ನಿಜವೋ ಸುಳ್ಳೋ ನೋಡಲು ಯಾರೂ ಗುಳೇದಗುಡ್ಡದ ಬಸ್ಸು ಹತ್ತುತ್ತಿರಲಿಲ್ಲ.

"ಹೋದ ತಿಂಗಳು ಹೇಳಿದೆ ಮೇಡಂ... ಆಪರೇಶನ್ ಆಗಿ ಎರಡು ವರ್ಷದ ಮೇಲೆ."

ಅಧ್ಯಕ್ಷೆ ಪೆನ್ ಕೆಳಗಿಟ್ಟರು.

"ಚೀಲ ನನ್ನ ಕೈಯಲ್ಲೂ ಹರಿದಿದೆ ಡಾಕ್ಟರ್. ಅದಕ್ಕೆ ನಾವು ಯಾರನ್ನೂ ಫೇಲ್ ಮಾಡೋದಿಲ್ಲ. ಆದರೆ ಆ ಎರಡು ವರ್ಷಕ್ಕೆ ಏನು ಮಾಡೋಣ? ಈ ಸಲ ಕೊಡೋಕಾಗಲ್ಲ."

ಡಾಕ್ಟರ್ ಬರಿಗೈಯಲ್ಲಿ ಬಾಗಲಕೋಟೆಗೆ ವಾಪಸಾದರು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕೆಲವು ದಿನಗಳ ಮೇಲೆ ಈರಣ್ಣ ಅವ್ವನನ್ನು ಕೈಹಿಡಿದು ಕರೆತಂದ. ಇನ್ನೊಂದು ಕಣ್ಣಿನ ಆಪರೇಶನ್ ಮಾಡಿಸಬೇಕಂತೆ.

ಡಾಕ್ಟರ್ ಹಿಂಜರಿದರು. "ಹುಬ್ಬಳ್ಯಾಗ ನನಗಿಂತ ದೊಡ್ಡ ಡಾಕ್ಟರ್ ಅದಾರವ್ವ. ಫೋನ್ ಮಾಡಿ ಹೇಳ್ತೀನಿ, ಅಲ್ಲಿಗೆ ಹೋಗ್ರಿ."

ಅಂಬವ್ವ ಕುರ್ಚಿ ಬಿಟ್ಟು ಏಳಲಿಲ್ಲ.

"ಅವರು ತಪ್ಪಿದ್ರ ನನಗ ಹೇಳ್ತಾರೋ ಇಲ್ಲೋ, ಯಾರಿಗ್ಗೊತ್ರೀ? ನೀವು ಹೇಳ್ತೀರಿ. ನೀವ ಮಾಡ್ರಿ."

ಡಾಕ್ಟರ್ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಯಾವ ಸಂಘವೂ ಕೊಡಲಾಗದ್ದನ್ನು ಆ ಅಜ್ಜಿ ಕುರ್ಚಿಯಲ್ಲಿ ಕೂತೇ ಕೊಟ್ಟಿದ್ದಳು.

.

*ನಾವು ಮುಚ್ಚಿಟ್ಟ ತಪ್ಪು ಮಾಯವಾಗುವುದಿಲ್ಲ... ಇನ್ನಾರೋ ಅದನ್ನು ತಮ್ಮದೆಂದುಕೊಂಡು ಹೊತ್ತು ತಿರುಗುತ್ತಿರುತ್ತಾರೆ.*

ನಿಮ್ಮದೊಂದು ತಪ್ಪಿಗೆ ಇವತ್ತು ಯಾರ ಮನೆಯಲ್ಲಿ ಯಾರು ಬೈಗುಳ ತಿನ್ನುತ್ತಿದ್ದಾರೆ... ಒಮ್ಮೆಯಾದರೂ ಯೋಚಿಸಿದ್ದೀರಾ?